ಕ್ಯಾಮೆರಾ ಲಿವರ್ ಬರುತ್ತಿಲ್ಲವಾ? ಮೊದಲು ಹೆಬ್ಬೆರಳು ತೆಗೆಯಿರಿ

ಹಂಪಿಯ ಹೇಮಕೂಟದ ಮೇಲೆ ಸಂಜೆ ಐದೂವರೆ ಇರಬೇಕು. ವಿರೂಪಾಕ್ಷ ಗೋಪುರದ ಮೇಲೆ ಬಿಸಿಲು ಕೆಂಪಗೆ ಬಿದ್ದಿತ್ತು. ನನ್ನದು ಹಳೇ ಫಿಲ್ಮ್ ಕ್ಯಾಮೆರಾ, ಎಷ್ಟು ಫೋಟೋ ಆಯಿತು ಅಂತ ಹೇಳುವ ಅದರ ಕೌಂಟರ್ 25 ತೋರಿಸುತ್ತಿತ್ತು. ಮುಂದಿನ ಫೋಟೋಗೆ ಫಿಲ್ಮ್ ಸರಿಸುವ ಲಿವರ್ ಎಳೆದೆ, ಅರ್ಧ ಬಂದು ನಿಂತಿತು. ನನ್ನ ಲೆಕ್ಕದಲ್ಲಿ ಅದು 36 ಫೋಟೋದ ರೋಲ್. ಇನ್ನೂ ಹತ್ತು ಹನ್ನೊಂದು ಉಳಿದಿದೆಯಲ್ಲ, ಏನೋ ಸ್ವಲ್ಪ ಬಿಗಿಯಾಗಿದೆ ಅಂತ ಹೆಬ್ಬೆರಳಿಗೆ ಇನ್ನಷ್ಟು ಬಲ ಕೊಟ್ಟೆ. ಒಳಗೆಲ್ಲೋ ‘ಪಟ್’ ಅಂತ ಸಣ್ಣ ಸದ್ದು. ಆಮೇಲೆ ಲಿವರ್ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು. ಖುಷಿಯಾಗಿ ಇನ್ನೂ ಹತ್ತು ಫೋಟೋ ತೆಗೆದೆ.

ಡೆವಲಪ್ ಆಗಿ ಬಂದ ಮೇಲೆ ಗೊತ್ತಾಯಿತು, ನಾನು ಹಾಕಿದ್ದು 24ರ ರೋಲ್. ಕೊನೆಯ ಚೌಕದ ಅಂಚಿನ ತೂತುಗಳೆಲ್ಲ ಹರಿದು ಹಲ್ಲು ಮುರಿದ ಬಾಚಣಿಗೆಯ ಹಾಗಾಗಿದ್ದವು. ಫಿಲ್ಮ್ ಅಲ್ಲೇ ನಿಂತುಬಿಟ್ಟಿತ್ತು, ಹತ್ತು ಫೋಟೋನೂ ಅದೇ ಚೌಕದ ಮೇಲೆ ಬಿದ್ದು ನೆಗೆಟಿವ್ ಇದ್ದಿಲಿನಷ್ಟು ಕಪ್ಪಾಗಿತ್ತು. ಕ್ಯಾಮೆರಾದ ತಪ್ಪು ಏನೂ ಇರಲಿಲ್ಲ. ರೋಲ್ ಮುಗಿದಿದೆ ಅಂತ ಅದು ಸರಿಯಾಗಿಯೇ ಹೇಳಿತ್ತು, ಕೇಳಿಸಿಕೊಳ್ಳಲಿಲ್ಲ ನಾನು.

ಅವತ್ತಿಂದ ಹಳೇ ರೇಂಜ್‌ಫೈಂಡರ್‌ಗಳ ಲಿವರ್ ಜಾಮ್ ಆಗುವ ಬಗ್ಗೆ ಸ್ವಲ್ಪ ಹುಚ್ಚು ಹಿಡಿಯಿತು ಅನ್ನಿ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊಸಬರಿಗೆ ಒಂದು ಮಾತು. ರೇಂಜ್‌ಫೈಂಡರ್ ಅಂದರೆ ಲೆನ್ಸ್ ಮೂಲಕ ನೋಡದೆ, ಪಕ್ಕದ ಪುಟ್ಟ ಕಿಟಕಿಯಲ್ಲಿ ನೋಡಿ, ಎರಡು ಬಿಂಬಗಳನ್ನು ಒಂದರ ಮೇಲೊಂದು ಕೂರಿಸಿ ಫೋಕಸ್ ಮಾಡುವ ಕ್ಯಾಮೆರಾ. ಲೈಕಾ, ಕ್ಯಾನೊನೆಟ್, ಯಾಶಿಕಾ ಎಲೆಕ್ಟ್ರೋ 35, ರಷ್ಯಾದ ಜೋರ್ಕಿ, ಖಾರ್ಕಿವ್‌ನ ಫೆಡ್ ಎಲ್ಲವೂ ಇದೇ ಜಾತಿ. ಮೈ ಚಿಕ್ಕದು, ಒಳಗೆ ಜಾಗ ಕಡಿಮೆ. ಅಷ್ಟರಲ್ಲೇ ಒಂದು ಲಿವರ್ ಮೂರು ನಾಲ್ಕು ಕೆಲಸ ಮಾಡಬೇಕು.

ಲಿವರ್ ಒಂದು ಸಲ ಎಳೆದಾಗ ಏನೇನಾಗುತ್ತದೆ ಅಂತ ಮೊದಲು ನೋಡೋಣ, ಆಮೇಲಿನದೆಲ್ಲ ಸುಲಭ. ಫಿಲ್ಮ್‌ನ ಎರಡೂ ಅಂಚಿನಲ್ಲಿ ತೂತುಗಳಿವೆಯಲ್ಲ, ಒಂದು ತೂತಿನಿಂದ ಮುಂದಿನ ತೂತಿಗೆ 4.75 ಮಿಲಿಮೀಟರ್. ಲಿವರ್ ಒಂದು ಹಲ್ಲಿನ ಉರುಳೆಯನ್ನು, ಅಂದರೆ ಸ್ಪ್ರಾಕೆಟ್ಟನ್ನು, ಸರಿಯಾಗಿ ಎಂಟು ತೂತಿನಷ್ಟು ತಿರುಗಿಸುತ್ತದೆ. ಎಂಟು ತೂತು ಅಂದರೆ 38 ಮಿಲಿಮೀಟರ್. ಅದರಲ್ಲಿ 36 ಫೋಟೋಗೆ, 2 ನಡುವಿನ ಖಾಲಿ ಜಾಗಕ್ಕೆ. ಫಿಲ್ಮ್ ಸುತ್ತಿಕೊಳ್ಳುವ ಟೇಕಪ್ ಸ್ಪೂಲ್ ಸುತ್ತುತ್ತಾ ಸುತ್ತುತ್ತಾ ದಪ್ಪವಾಗುತ್ತದೆ, ಆದ್ದರಿಂದ ಅದನ್ನು ನಂಬಿ ಅಳೆಯಲು ಆಗುವುದಿಲ್ಲ. ಅಳೆಯುವ ಕೆಲಸ ಸ್ಪ್ರಾಕೆಟ್‌ದು, ಸ್ಪೂಲ್ ಸುಮ್ನೆ ಜಾರುತ್ತಾ ಹಿಂದೆ ಹಿಂದೆ ಸುತ್ತಿಕೊಳ್ಳುತ್ತದೆ. ಇದೇ ಹೊತ್ತಿಗೆ ಲಿವರ್ ಶಟರ್‌ನ, ಅಂದರೆ ಫಿಲ್ಮ್ ಮೇಲೆ ಬೆಳಕು ಬಿಡುವ ಬಾಗಿಲಿನ, ಸ್ಪ್ರಿಂಗನ್ನೂ ಬಿಗಿ ಮಾಡುತ್ತದೆ, ಕೌಂಟರನ್ನೂ ಒಂದು ಮನೆ ತಳ್ಳುತ್ತದೆ. ಎಲ್ಲ ಮುಗಿದ ಮೇಲೆ ಒಂದು ಬೀಗ ಬಂದು ಬೀಳುತ್ತದೆ. ಶಟರ್ ಹೊಡೆಯುವ ತನಕ ಲಿವರ್ ಮತ್ತೆ ಬರುವುದಿಲ್ಲ. ಲಿವರ್ ಪೂರ್ತಿ ಎಳೆಯುವ ತನಕ ಶಟರ್ ಗುಂಡಿಯೂ ಒತ್ತಲಾಗುವುದಿಲ್ಲ. ಒಂದೇ ಚೌಕದ ಮೇಲೆ ಎರಡು ಫೋಟೋ ಬೀಳಬಾರದು ಅಂತ ಈ ಏರ್ಪಾಡು.

ಅಂದರೆ ಫಿಲ್ಮ್, ಶಟರ್, ಲಿವರ್ ಮೂರೂ ಒಂದೇ ಹಗ್ಗಕ್ಕೆ ಕಟ್ಟಿದ ಎತ್ತುಗಳಿದ್ದ ಹಾಗೆ. ಯಾವುದೋ ಒಂದು ಮೊಂಡು ಹಿಡಿದರೂ ನಮ್ಮ ಹೆಬ್ಬೆರಳಿಗೆ ತಿಳಿಯುವುದು ‘ಲಿವರ್ ಜಾಮ್’ ಅಂತ ಮಾತ್ರ. ಮೊಂಡು ಹಿಡಿದದ್ದು ಯಾವುದು ಅಂತ ಪತ್ತೆ ಮಾಡುವ ತನಕ ಬಲ ಹಾಕಬಾರದು, ಇಷ್ಟೇ ನನ್ನ ವಾದ.

ಪತ್ತೆ ಹೇಗೆ? ಲಿವರ್ ಎಲ್ಲಿ ನಿಂತಿದೆ ನೋಡಿ. ಬೇರೇನೂ ನೋಡದಿದ್ದರೂ ಇದೊಂದನ್ನು ನೋಡಿ.

ಶುರುವಿನಲ್ಲೇ, ಕೂದಲೆಳೆಯಷ್ಟೂ ಅಲ್ಲಾಡದೆ ನಿಂತಿದೆ ಅಂದರೆ ಬಹುಪಾಲು ಅದು ಬೀಗ. ಶಟರ್ ಆಗಲೇ ಬಿಗಿಯಾಗಿ ಕೂತಿದೆ, ನೀವು ಹೊಡೆಯಲಿ ಅಂತ ಕಾಯುತ್ತಿದೆ. ಗುಂಡಿ ಒತ್ತಿ, ಕ್ಲಿಕ್ ಅಂದರೆ ಲಿವರ್ ಬರುತ್ತದೆ, ಅಲ್ಲಿಗೆ ಮುಗಿಯಿತು. ಗುಂಡಿನೂ ಒತ್ತಲಾಗುತ್ತಿಲ್ಲ, ಲಿವರ್ರೂ ಬರುತ್ತಿಲ್ಲ ಅಂದಾಗ ಜನ ಗಾಬರಿಯಾಗುತ್ತಾರೆ. ಇಲ್ಲೇ ಕ್ಯಾನೊನೆಟ್ ಕ್ಯೂಎಲ್17 ಜಿ-3 ಕಥೆ ಹೇಳಬೇಕು. 1972ರಲ್ಲಿ ಬಂದ ಈ ಪುಟ್ಟ ಕ್ಯಾಮೆರಾಕ್ಕೆ 40 ಮಿಲಿಮೀಟರ್ ಎಫ್/1.7 ಲೆನ್ಸ್. ಹಳೇ ಕ್ಯಾಮೆರಾ ಹುಚ್ಚಿನವರು ಮೊದಲು ಕೊಳ್ಳುವುದು ಜಾಸ್ತಿ ಇದನ್ನೇ. ಇದರ ಅಪರ್ಚರ್ (ಬೆಳಕು ಬರುವ ಕಿಂಡಿಯ ಅಳತೆ) ರಿಂಗಿನಲ್ಲಿ ‘ಎ’ ಅಂತ ಒಂದು ಜಾಗ ಇದೆ, ಅಲ್ಲಿಟ್ಟರೆ ಬೆಳಕು ನೋಡಿಕೊಂಡು ಅದೇ ಅಪರ್ಚರ್ ಹಾಕುತ್ತದೆ. ಆದರೆ ಬೆಳಕು ತೀರಾ ಕಡಿಮೆ ಅಥವಾ ತೀರಾ ಜಾಸ್ತಿ ಇದ್ದರೆ ‘ಈ ಫೋಟೋ ಕೆಡುತ್ತೆ, ತೆಗೆಯಬೇಡ’ ಅಂತ ಶಟರ್ ಗುಂಡಿಯನ್ನೇ ಹಿಡಿದುಕೊಳ್ಳುತ್ತದೆ. ಬ್ಯಾಟರಿ ಸತ್ತಿದ್ದರೂ ಹಾಗೇ, ಯಾಕೆಂದರೆ ಬೆಳಕು ಅಳೆಯುವ ಮೀಟರ್‌ನ ಮುಳ್ಳು ಏಳುವುದೇ ಇಲ್ಲ, ಕ್ಯಾಮೆರಾ ಪಾಲಿಗೆ ಹೊರಗೆ ಅಮಾವಾಸ್ಯೆ. ಗುಂಡಿ ಒತ್ತಲಾಗುವುದಿಲ್ಲ, ಶಟರ್ ಹೊಡೆಯಲಿಲ್ಲ ಅಂತ ಲಿವರ್ ಬರುವುದಿಲ್ಲ. ಪರಿಹಾರ ಏನು ಗೊತ್ತಾ? ರಿಂಗನ್ನು ‘ಎ’ಯಿಂದ ಆಚೆ ತಿರುಗಿಸಿ ಎಫ್/8ಕ್ಕೋ ಎಲ್ಲಿಗೋ ಇಡಿ, ಅಷ್ಟೇ. ಹೀಗೆ ಅಪರ್ಚರ್ ನಾವೇ ಇಟ್ಟರೆ ಇದಕ್ಕೆ ಬ್ಯಾಟರಿಯೇ ಬೇಡ. (ಇದರ ಹಳೇ 625 ಮರ್ಕ್ಯುರಿ ಬ್ಯಾಟರಿ ಈಗ ಸಿಗುವುದಿಲ್ಲ. ಕಿವಿ ಯಂತ್ರಕ್ಕೆ ಹಾಕುವ 675 ನಂಬರಿನ ಬ್ಯಾಟರಿ ವೋಲ್ಟೇಜ್‌ನಲ್ಲಿ ಹತ್ತಿರ ಬರುತ್ತದೆ, ಅಳತೆಗೆ ಸುತ್ತ ಒಂದು ರಬ್ಬರ್ ಉಂಗುರ ಹಾಕಿದರೆ ಕೂರುತ್ತದೆ.)

ಇದೇ ತರಹದ ‘ಜಾಮ್ ಅಲ್ಲದ ಜಾಮ್’ ಬೇರೆ ಕ್ಯಾಮೆರಾಗಳಲ್ಲೂ ಇದೆ. 1954ರಲ್ಲಿ ಬಂದ ಲೈಕಾ ಎಂ3ಯ ಮೊದಮೊದಲ ಕ್ಯಾಮೆರಾಗಳಲ್ಲಿ ಒಂದು ಫೋಟೋಗೆ ಲಿವರ್ ಎರಡು ಸಲ ಎಳೆಯಬೇಕು. ಒಂದೇ ಸಲ ಎಳೆದು ಗುಂಡಿ ಒತ್ತಿ, ಇದು ಕೆಟ್ಟಿದೆ ಅಂತ ತೀರ್ಮಾನಿಸಿದವರಿದ್ದಾರೆ. ಅಷ್ಟು ದುಡ್ಡು ಕೊಟ್ಟು ಕೊಂಡವರ ಎದೆ ಹೇಗೆ ಹೊಡೆದುಕೊಂಡಿರಬೇಡ! ಜರ್ಮನಿಯಲ್ಲಿ ತಯಾರಾದ ಕೊಡಾಕ್ ರೆಟಿನಾ 3ಸಿಯ ಕೌಂಟರ್ ಮೇಲಕ್ಕೆ ಎಣಿಸುವುದಿಲ್ಲ, 36ರಿಂದ ಕೆಳಕ್ಕೆ ಎಣಿಸುತ್ತದೆ. ಕೊನೆಗೆ ಬಂದಾಗ ಲಿವರಿಗೆ ಬೀಗ ಹಾಕುತ್ತದೆ, ಒಳಗೆ ಫಿಲ್ಮ್ ಇದೆಯೋ ಇಲ್ಲವೋ ಅದಕ್ಕೆ ಸಂಬಂಧ ಇಲ್ಲ. ಕೌಂಟರನ್ನು ಮತ್ತೆ ಮೇಲಿನ ಅಂಕಿಗೆ ತಂದಿಟ್ಟರೆ ಬೀಗ ಬಿಡುತ್ತದೆ. ಇದು ಗೊತ್ತಿಲ್ಲದೆ ಬಲ ಹಾಕಿದರೆ ಒಳಗೆ ಶಟರ್ ಬಿಗಿ ಮಾಡುವ ಪುಟ್ಟ ಹಲ್ಲಿನ ಪಟ್ಟಿಯೊಂದಿದೆ, ಅದರ ಹಲ್ಲು ಉದುರುತ್ತದೆ. ರೆಟಿನಾದ ಹೆಸರುವಾಸಿ ಕಾಯಿಲೆ ಅದು. ಇನ್ನು ಫೋಕ್ಟ್‌ಲೆಂಡರ್ ವಿಟೊ ಬಿ ಅಂತ ಒಂದಿದೆ. ರೇಂಜ್‌ಫೈಂಡರ್ ಅಲ್ಲ, ಆದರೆ ಅದೇ ಕಾಲದ ನೆಂಟ. ಅದರ ಶಟರ್ ಬಿಗಿಯಾಗುವುದು ಫಿಲ್ಮ್ ಓಡಿ ಸ್ಪ್ರಾಕೆಟ್ ತಿರುಗಿದರೆ ಮಾತ್ರ. ಫಿಲ್ಮ್ ಹಾಕದೆ ಪರೀಕ್ಷೆ ಮಾಡಿದರೆ ಸತ್ತ ಹಾಗೆ ಬಿದ್ದಿರುತ್ತದೆ. ಕೆಟ್ಟಿದೆ ಅಂತ ಮಾರುವವರ ಹತ್ತಿರ ಇದು ಅಗ್ಗಕ್ಕೆ ಸಿಗಬಹುದು, ಸುಮ್ಮನೆ ಹಿಂದಿನ ಬಾಗಿಲು ತೆಗೆದು ಬೆರಳಿನಿಂದ ಸ್ಪ್ರಾಕೆಟ್ ತಿರುಗಿಸಿ ನೋಡಿ.

ಸರಿ, ‘ಎ’ನೂ ಅಲ್ಲ, ಕೌಂಟರೂ ಅಲ್ಲ. ಆಗ ಸೆಲ್ಫ್ ಟೈಮರ್ ನೋಡಿ. ಲೆನ್ಸ್ ಪಕ್ಕ ಒಂದು ಪುಟ್ಟ ಕಡ್ಡಿ ಇರುತ್ತದಲ್ಲ, ಓಡಿಬಂದು ಫೋಟೋದಲ್ಲಿ ನಿಲ್ಲಲು ಹತ್ತು ಸೆಕೆಂಡ್ ಕೊಡುವುದು. ಒಳಗೆ ಅದೊಂದು ಸಣ್ಣ ಗಡಿಯಾರ. ಐವತ್ತು ವರ್ಷದ ಎಣ್ಣೆ ಅಂಟಾಗಿ, ಅರ್ಧ ದಾರಿಯಲ್ಲಿ ನಿಂತುಬಿಟ್ಟರೆ ಶಟರ್ ತನ್ನ ಸುತ್ತು ಮುಗಿಸುವುದಿಲ್ಲ, ಸುತ್ತು ಮುಗಿಯದಿದ್ದರೆ ಲಿವರಿನ ಬೀಗ ಬಿಡುವುದಿಲ್ಲ. ಬೆಂಗಳೂರಿನ ಒಂದು ಭಾನುವಾರದ ಸಂತೆಯಲ್ಲಿ ಹಳೇ ಟ್ರಾನ್ಸಿಸ್ಟರ್, ತುಕ್ಕು ಹಿಡಿದ ಬೀಗಗಳ ನಡುವೆ ಒಂದು ಜಪಾನೀ ರೇಂಜ್‌ಫೈಂಡರ್ ಸಿಕ್ಕಿತ್ತು. ‘ಜಾಮ್ ಆಗಿದೆ ಸಾರ್, ಶೋಗೆ ಇಟ್ಕೊಳ್ಳಿ’ ಅಂತ ಮಾರಿದರು. ಮನೆಗೆ ತಂದು ಟೇಬಲ್ ಲ್ಯಾಂಪ್ ಕೆಳಗೆ ನೋಡುತ್ತೇನೆ, ಟೈಮರ್ ಕಡ್ಡಿ ನೆಟ್ಟಗಿಲ್ಲ, ಒಂದೈದು ಡಿಗ್ರಿ ವಾಲಿದೆ. ಉಗುರಿನಿಂದ ಅದರ ಮನೆಯ ಕಡೆಗೆ ಮೆಲ್ಲಗೆ ತಳ್ಳಿದೆ. ಒಳಗೆ ‘ಜಿರ್ರ್...’ ಅಂತ ಮುದುಕರ ಗೊರಕೆಯಂಥ ಸದ್ದು, ನಿಂತಿತು, ಮತ್ತೆ ತಳ್ಳಿದೆ, ಮತ್ತೆ ಜಿರ್ರ್, ಆಮೇಲೆ ಟಕ್. ಲಿವರ್ ಬಂತು. ಅವತ್ತಿಂದ ಆ ಟೈಮರ್ ಮುಟ್ಟಿಲ್ಲ. ನೀವೂ ಮುಟ್ಟಬೇಡಿ, ಎಷ್ಟೇ ಚೆನ್ನಾಗಿದ್ದರೂ ಸರಿ. ಫೋನಲ್ಲಿ ಸೆಲ್ಫಿ ಇದೆಯಲ್ಲ.

ಶಟರ್‌ನ ನಿಧಾನದ ಸ್ಪೀಡುಗಳದ್ದೂ ಇದೇ ಪಾಡು. 1/4, 1/8 ಸೆಕೆಂಡ್ ಮುಂತಾದವನ್ನು ತಡೆಹಿಡಿದು ಕೊಡುವ ಹಲ್ಲಿನ ಚಕ್ರಗಳು ಅಂಟಿದ್ದರೆ ಶಟರ್ ನಡುವೆ ನಿಲ್ಲುತ್ತದೆ. ಸ್ಪೀಡ್ ರಿಂಗನ್ನು 1/500 ಕಡೆಗೆ ಮೆಲ್ಲಗೆ ತಿರುಗಿಸಿದರೆ ಕೆಲವು ಸಲ ಟಕ್ ಅಂತ ಸುತ್ತು ಮುಗಿಸುತ್ತದೆ. ಇದು ಲೆನ್ಸಿನೊಳಗೆ ಎಲೆ ಎಲೆಯಾದ ಶಟರ್ ಇರುವ ಕ್ಯಾಮೆರಾಗಳ ಮಾತು. ಜೋರ್ಕಿ 4ರ ಮೇಲೆ ಇದನ್ನು ಮಾಡಲು ಹೋಗಬೇಡಿ. ಅದರಲ್ಲಿ ಶಟರ್ ಬಿಗಿ ಮಾಡಿದ ಮೇಲೆಯೇ ಸ್ಪೀಡ್ ಬದಲಿಸಬೇಕು, ಮೊದಲೇ ತಿರುಗಿಸಿದರೆ ಒಳಗಿನ ಕಡ್ಡಿ ತಪ್ಪು ಜಾಗದಲ್ಲಿ ಕೂತು ನಿಜವಾದ ಜಾಮ್ ಆಗುತ್ತದೆ. ಜೋರ್ಕಿ ಕೊಂಡವರು ಮೊದಲ ವಾರದಲ್ಲೇ ಮಾಡುವ ತಪ್ಪು.

ಈಗ ಲಿವರ್ ಅರ್ಧಕ್ಕೆ ನಿಂತ ಪ್ರಸಂಗ, ಅಂದರೆ ನನ್ನ ಹಂಪಿಯದು. ಇಲ್ಲಿ ಮೊದಲ ಅನುಮಾನ ಫಿಲ್ಮ್ ಮೇಲೆ. ಕೌಂಟರ್ 24, 25 ಅಥವಾ 36, 37ರ ಆಸುಪಾಸಿನಲ್ಲಿದ್ದರೆ ಅನುಮಾನವೇ ಬೇಡ, ರೋಲ್ ಮುಗಿದಿದೆ. ಈಗ ದೊಡ್ಡ ಸುರುಳಿಯಿಂದ ಕತ್ತರಿಸಿ ಕೈಯಲ್ಲೇ ತುಂಬಿದ ಸಿನಿಮಾ ಫಿಲ್ಮ್ ರೋಲುಗಳನ್ನೂ ತುಂಬಾ ಜನ ಬಳಸುತ್ತಾರೆ, ಅವು 30ಕ್ಕೂ ಮುಗಿಯಬಹುದು, 33ಕ್ಕೂ ಮುಗಿಯಬಹುದು. ಎಡಗಡೆಯ ರಿವೈಂಡ್ ಕ್ರ್ಯಾಂಕನ್ನು ಬಾಣದ ದಿಕ್ಕಿಗೆ ಬೆರಳ ತುದಿಯಿಂದ ತಿರುಗಿಸಿ ನೋಡಿ. ಚೂರೂ ತಿರುಗದೆ ತಂತಿಯ ಹಾಗೆ ಬಿಗಿಯಾಗಿದ್ದರೆ ಫಿಲ್ಮ್ ಆ ತುದಿಯಿಂದ ಈ ತುದಿಗೆ ಎಳೆದುಕೊಂಡು ನಿಂತಿದೆ ಅಂತ ಅರ್ಥ. ಕೆಳಗಿನ ರಿವೈಂಡ್ ಗುಂಡಿ ಒತ್ತಿದರೆ ಸ್ಪ್ರಾಕೆಟ್ ಬಿಡುಗಡೆಯಾಗುತ್ತದೆ, ಸಾಮಾನ್ಯವಾಗಿ ಅರ್ಧಕ್ಕೆ ನಿಂತ ಲಿವರ್ ಕೂಡ ಆಗ ಪೂರ್ತಿ ಬರುತ್ತದೆ. ನಿಧಾನವಾಗಿ ಸುತ್ತಿ, ರೋಲ್ ತೆಗೆಯಿರಿ. ಮುಂದಿನ ಸಲ ರೋಲಿನ ಡಬ್ಬದ ಮುಚ್ಚಳ ಹರಿದು ಕ್ಯಾಮೆರಾ ಬೆನ್ನಿಗೆ ಅಂಟಿಸಿ, ಎಷ್ಟರ ರೋಲ್ ಅಂತ ನೆನಪಿಡುವ ಕಷ್ಟ ಇಲ್ಲ. ನಾನು ಈಗ ಹಾಗೇ ಮಾಡುವುದು.

ಕೌಂಟರ್ 10ರಲ್ಲೋ 15ರಲ್ಲೋ ಇದ್ದಾಗ ನಿಂತರೆ ಯೋಚಿಸಬೇಕಾದ್ದೇ. ಫಿಲ್ಮ್‌ನ ನಾಲಿಗೆ, ಅಂದರೆ ಶುರುವಿನ ತುದಿ, ಸ್ಪೂಲಿನಲ್ಲಿ ಸೊಟ್ಟಗೆ ಕೂತು, ಸುತ್ತಿಕೊಳ್ಳುವ ಬದಲು ಸೀರೆಯ ನೆರಿಗೆಯ ಹಾಗೆ ಮಡಚಿಕೊಂಡಿರಬಹುದು. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿ ಕಡೆ, ಇನ್ನೊಂದು ಕಾರಣ ಸೇರುತ್ತದೆ. ಫಿಲ್ಮ್ ಮೇಲಿನ ಲೇಪ ಜೆಲಟಿನ್‌ದು. ಅದು ತೇವ ಹೀರಿ ಉಬ್ಬುತ್ತದೆ, ಮೆದುವಾಗಿ ಅಂಟುತ್ತದೆ. ಫ್ರಿಜ್‌ನಿಂದ ತೆಗೆದ ರೋಲನ್ನು ಆಗಿಂದಾಗಲೇ ಹಾಕಿದರೆ ತಂಪು ಲೋಟದ ಮೇಲೆ ನೀರು ಕೂರುವ ಹಾಗೆ ಅದರ ಮೇಲೂ ಕೂರುತ್ತದೆ. ಒಂದೆರಡು ಗಂಟೆ ಡಬ್ಬಿಯಲ್ಲೇ ಹೊರಗಿಟ್ಟು ಆಮೇಲೆ ಹಾಕಿ.

ಇಂಥ ಹೊತ್ತಿನಲ್ಲಿ ಕ್ಯಾಮೆರಾವನ್ನು ಕತ್ತಲಲ್ಲಿ ತೆರೆಯುವುದೇ ದಾರಿ. ಕತ್ತಲು ಅಂದರೆ ಕತ್ತಲೇ. ಕೆಂಪು ಬಲ್ಬ್ ಹಾಕಿದರೆ ಪರವಾಗಿಲ್ಲ ಅನ್ನುವವರಿದ್ದಾರೆ, ಅದು ಪ್ರಿಂಟ್ ಹಾಕುವ ಕಪ್ಪುಬಿಳುಪು ಕಾಗದಕ್ಕೆ ಹೇಳಿದ ಮಾತು. ಈಗ ಸಿಗುವ ಕ್ಯಾಮೆರಾ ಫಿಲ್ಮ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಕೆಂಪು ಬೆಳಕಿಗೂ ಕೆಡುತ್ತವೆ. ಎರಡು ತೋಳಿರುವ ಕಪ್ಪು ಚೀಲ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ರಾತ್ರಿ ಬಾಗಿಲ ಸಂದಿಗೆ ಟವೆಲ್ ತುರುಕಿದ ಬಚ್ಚಲುಮನೆ, ಮೇಲೊಂದು ದಪ್ಪ ಕಂಬಳಿ. ಕತ್ತರಿ, ಮತ್ತು ಫಿಲ್ಮ್ ಬರುವ ಕಪ್ಪು ಡಬ್ಬಿ ಮೊದಲೇ ಕೈಗೆ ಸಿಗುವ ಹಾಗಿಟ್ಟುಕೊಳ್ಳಿ. ಅರೆಪಾರದರ್ಶಕ ಬಿಳಿ ಡಬ್ಬಿ ಬೇಡ, ಅದರಲ್ಲಿ ಬೆಳಕು ತೂರುತ್ತದೆ. ಬೆನ್ನು ತೆರೆದು ಬೆರಳಿನಿಂದ ಮುಟ್ಟಿ ನೋಡಿ, ಅಂಚು ಮಾತ್ರ. ನೆರಿಗೆ ಸಿಕ್ಕರೆ ಗೊತ್ತಾಗುತ್ತದೆ. ರಿವೈಂಡ್ ಗುಂಡಿ ಒತ್ತಿಕೊಂಡು ನೆರಿಗೆ ಬಿಡಿಸಿ, ಕ್ರ್ಯಾಂಕ್‌ನಿಂದ ಒಳಗೆ ಸುತ್ತಲು ಆಗುತ್ತದೆಯೇ ನೋಡಿ. ಆಗದಿದ್ದರೆ, ಅಥವಾ ಫಿಲ್ಮ್ ತನ್ನ ರೋಲಿನೊಳಗಿನ ಅಂಟುಪಟ್ಟಿಯಿಂದ ಕಿತ್ತು ಬಂದಿದ್ದರೆ, ಪೂರ್ತಿ ಬಿಚ್ಚಿ ಸಡಿಲವಾಗಿ ಸುತ್ತಿ ಕಪ್ಪು ಡಬ್ಬಿಗೆ ಹಾಕಿ ಮುಚ್ಚಿ. ಮೇಲೆ ‘ಬಿಡಿ ಫಿಲ್ಮ್, ಕತ್ತಲಲ್ಲೇ ತೆರೆಯಿರಿ’ ಅಂತ ದೊಡ್ಡದಾಗಿ ಬರೆಯಿರಿ. ಲ್ಯಾಬ್‌ನವರು ಮಾಮೂಲಿ ರೋಲ್ ಅಂದುಕೊಂಡು ಟ್ಯೂಬ್‌ಲೈಟ್ ಕೆಳಗೆ ಮುಚ್ಚಳ ತೆಗೆದರೆ ಇಷ್ಟೆಲ್ಲ ಕಷ್ಟಪಟ್ಟದ್ದು ನೀರುಪಾಲು.

ಬೆಳಕಿಗೆ ಬಂದ ಮೇಲೆ ಖಾಲಿ ಕ್ಯಾಮೆರಾದ ಹೊಟ್ಟೆ ನೋಡಿ. ಫಿಲ್ಮ್‌ನ ತೂತು ಹರಿದಿದ್ದರೆ ಹರಿದ ಚೂರು ಎಲ್ಲಿ ಹೋಯಿತು? ಅಕ್ಕಿಕಾಳಿನ ಕಾಲುಭಾಗದಷ್ಟು ಚೂರು ಸ್ಪ್ರಾಕೆಟ್ ಬುಡಕ್ಕೆ ಸೇರಿದ್ದರೆ ಮುಂದಿನ ರೋಲೂ ಜಾಮ್ ಆಗುತ್ತದೆ. ಕೆಳಗಿನಿಂದ ಫಿಲ್ಮ್ ತುರುಕುವ ಹಳೇ ಸ್ಕ್ರೂ ಮೌಂಟ್ (ಲೆನ್ಸನ್ನು ಸ್ಕ್ರೂ ಹಾಗೆ ತಿರುಗಿಸಿ ಹಾಕುವ) ಲೈಕಾ, ಫೆಡ್‌ಗಳಲ್ಲಿ ಇದು ನಿತ್ಯದ ಗೋಳು. ಆ ಕ್ಯಾಮೆರಾಗಳಿಗೆ ಫಿಲ್ಮ್‌ನ ನಾಲಿಗೆಯನ್ನು ಸುಮಾರು 10 ಸೆಂಟಿಮೀಟರ್ ಉದ್ದ ಕತ್ತರಿಸಿಯೇ ಹಾಕಬೇಕು, ಈಗಿನ ರೋಲುಗಳ ಮೋಟು ನಾಲಿಗೆ ಸಾಲದು. ಚೂರು ತೆಗೆಯಲು ಚಿಮುಟ ಮತ್ತು ರಬ್ಬರ್ ಬ್ಲೋವರ್ ಸಾಕು. ಬಟ್ಟೆಯ ಶಟರ್ ಇರುವ ಕ್ಯಾಮೆರಾದಲ್ಲಿ ಬೆರಳು ಬಟ್ಟೆಗೆ ತಾಗದಿರಲಿ.

ಲಿವರ್ ಯಾವ ತಡೆಯೂ ಇಲ್ಲದೆ ಸಲೀಸಾಗಿ ಓಡಾಡುತ್ತಿದ್ದರೆ? ಜಾಮ್‌ಗಿಂತ ಇದೇ ಜಾಸ್ತಿ ಅಪಾಯ, ಯಾಕೆಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಲಿವರ್ ಎಳೆಯುವಾಗ ಎಡಗಡೆಯ ಕ್ರ್ಯಾಂಕ್ ತಾನಾಗಿ ತಿರುಗಬೇಕು. ತಿರುಗದಿದ್ದರೆ ಫಿಲ್ಮ್ ಓಡುತ್ತಿಲ್ಲ. ತೂತು ಹರಿದಿರಬಹುದು, ನಾಲಿಗೆ ಸ್ಪೂಲಿನಿಂದ ಜಾರಿರಬಹುದು, ರಿವೈಂಡ್ ಗುಂಡಿ ಒಳಗೇ ಸಿಕ್ಕಿಕೊಂಡಿರಬಹುದು. ಹೇಮಕೂಟದ ಮೇಲೆ ಒಂದು ಸಲ ಆ ಕಡೆ ಕಣ್ಣು ಹಾಕಿದ್ದರೆ ಹತ್ತು ಫೋಟೋ ಉಳಿಯುತ್ತಿತ್ತು. ಯಾಶಿಕಾ ಎಲೆಕ್ಟ್ರೋ 35 ಇದ್ದವರು ಕಿವಿಯನ್ನೂ ಕೊಡಬೇಕು. ಅದರ ಲಿವರ್ ಎಳೆದಾಗ ಒಳಗಿಂದ ‘ಟಕ್’ ಅಂತ ಗಟ್ಟಿ ಸದ್ದು ಬರಬೇಕು. ಬರದಿದ್ದರೆ ಒಳಗಿನ ಒಂದು ಪುಟ್ಟ ಮೆತ್ತೆ ಪುಡಿಯಾಗಿದೆ ಅಂತ. ಲಿವರ್ ಚೆನ್ನಾಗಿ ಬರುತ್ತಲೇ ಇರುತ್ತದೆ, ಶಟರ್ ಮಾತ್ರ ಹಿಡಿತ ತಪ್ಪಿರುತ್ತದೆ.

ಉಳಿದದ್ದು ನಿಜವಾದ ಜಾಮ್. ಫಿಲ್ಮ್ ಇಲ್ಲ, ಟೈಮರ್ ನೆಟ್ಟಗಿದೆ, ‘ಎ’ಯಲ್ಲಿಲ್ಲ, ಆದರೂ ಲಿವರ್ ಅರ್ಧಕ್ಕೆ ನಿಲ್ಲುತ್ತದೆ ಅಥವಾ ಎಳೆದ ಮೇಲೆ ವಾಪಸ್ ಬರುವುದಿಲ್ಲ. ಕಾರಣ ಸಾಮಾನ್ಯವಾಗಿ ಗ್ರೀಸ್. ಐವತ್ತು ಅರವತ್ತು ವರ್ಷದಲ್ಲಿ ಅದರೊಳಗಿನ ಎಣ್ಣೆ ಬೇರೆಯಾಗಿ ಹರಿದು, ಉಳಿದದ್ದು ಮೇಣವಾಗಿರುತ್ತದೆ. ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಕ್ಯಾಮೆರಾ ಬಿಟ್ಟರೆ ಈ ಕೆಲಸ ಇನ್ನೂ ಬೇಗ ಆಗುತ್ತದೆ. ಹರಿದ ಎಣ್ಣೆ ಶಟರ್ ಎಲೆಗಳ ನಡುವೆ ಸೇರಿ ಅವು ಒದ್ದೆ ಕಾಗದದ ಹಾಗೆ ಒಂದಕ್ಕೊಂದು ಅಂಟುತ್ತವೆ. ಕ್ಯಾನೊನೆಟ್‌ಗಳಲ್ಲಿ ಇದು ತುಂಬಾ ಮಾಮೂಲು.

ಈ ಹಂತದಲ್ಲಿ ನಮ್ಮ ಮನೆಗಳಲ್ಲಿ ಒಬ್ಬರು ಹೊಲಿಗೆ ಮಿಷನ್ ಎಣ್ಣೆ ಹಿಡಿದು ಬಂದೇ ಬರುತ್ತಾರೆ. ಬಾಗಿಲ ಕೀಲಿಗೆ, ಫ್ಯಾನಿಗೆ, ಸೈಕಲ್ಲಿಗೆ ಎಲ್ಲಕ್ಕೂ ಅದೇ ಮದ್ದು ಅಲ್ವಾ. ದಯವಿಟ್ಟು ತಡೆಯಿರಿ. ಡಬ್ಲ್ಯುಡಿ-40 ಅಂತೂ ಬೇಡವೇ ಬೇಡ. ಹಾಕಿದ ದಿನ ಲಿವರ್ ಓಡುತ್ತದೆ, ವಾರ ಕಳೆಯುವುದರೊಳಗೆ ಅದು ಹರಡಿ ಶಟರ್ ಎಲೆಗೂ ಲೆನ್ಸಿಗೂ ಹತ್ತುತ್ತದೆ. ಇಲ್ಲಿ ಬೇಕಾದ್ದು ಹೊಸ ಎಣ್ಣೆಯಲ್ಲ, ಹಳೆಯದನ್ನು ತೊಳೆಯುವುದು. ಅದಕ್ಕೆ ಸಿಗರೇಟ್ ಲೈಟರಿನ ಪೆಟ್ರೋಲ್, ಅಂದರೆ ನ್ಯಾಫ್ತಾ, ಬಳಸುತ್ತಾರೆ. ಬೆಂಕಿ ಹತ್ತುವ ವಸ್ತು, ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ದೀಪ ಬೆಂಕಿ ಏನೂ ಬೇಡ.

ಕೈ ಹಾಕುವ ಧೈರ್ಯ ಇದ್ದರೆ ಕೆಳಗಿನ ತಗಡಿನ ತನಕ ಹೋಗಬಹುದು, ಅದರಾಚೆ ಬೇಡ ಅಂತ ನನ್ನ ಅಭಿಪ್ರಾಯ. ಜಪಾನೀ ಕ್ಯಾಮೆರಾಗಳ ಪ್ಲಸ್ ಸ್ಕ್ರೂಗಳು ಮಾಮೂಲಿ ಫಿಲಿಪ್ಸ್ ಅಲ್ಲ, ಜೆಐಎಸ್ ಅಂತ ಬೇರೆ ಅಳತೆ. ತಪ್ಪು ಡ್ರೈವರ್ ಹಾಕಿದರೆ ತಲೆ ಸವೆದು ಆಮೇಲೆ ಬಿಚ್ಚಲೇ ಆಗುವುದಿಲ್ಲ. ತಗಡು ತೆಗೆದರೆ ಎಷ್ಟೋ ಕ್ಯಾಮೆರಾಗಳಲ್ಲಿ ಲಿವರಿನ ಎಳೆತವನ್ನು ಶಟರಿಗೆ ಮುಟ್ಟಿಸುವ ಕೊಂಡಿಗಳು ಕಾಣುತ್ತವೆ, ಮೇಲೆ ಕಂದು ಬಣ್ಣದ ಗಟ್ಟಿ ಗ್ರೀಸ್. ಹಲ್ಲುಕಡ್ಡಿಯ ತುದಿಗೆ ಒಂದು ಹನಿ ನ್ಯಾಫ್ತಾ ಅದ್ದಿ ಕೀಲುಗಳಿಗೆ ಮುಟ್ಟಿಸಿ, ಲಿವರನ್ನು ಬರುವಷ್ಟೇ ದೂರ ಹಿಂದೆ ಮುಂದೆ ಆಡಿಸಿ, ಟಿಶ್ಯೂನಿಂದ ಒರೆಸಿ. ಎರಡು ಮೂರು ಸಲದಲ್ಲಿ ಬಿಡದಿದ್ದರೆ ತಗಡು ಮುಚ್ಚಿ. ಮೇಲಿನ ತಗಡಿನ ಕೆಳಗೆ ರೇಂಜ್‌ಫೈಂಡರಿನ ಗಾಜು, ಕನ್ನಡಿಗಳಿವೆ, ಅವು ಒಂದು ಕೂದಲಷ್ಟು ಸರಿದರೂ ಫೋಕಸ್ ತಪ್ಪುತ್ತದೆ. ಲಿವರ್ ಸರಿ ಮಾಡಲು ಹೋಗಿ ಕಣ್ಣು ಕಳೆದುಕೊಂಡ ಕ್ಯಾಮೆರಾಗಳನ್ನು ನೋಡಿದ್ದೇನೆ.

ರಿಪೇರಿಯವರ ಹತ್ತಿರ ಹೋಗುವಾಗ ‘ಜಾಮ್ ಆಗಿದೆ’ ಅಂತಷ್ಟೇ ಹೇಳಬೇಡಿ. ಲಿವರ್ ನಿಂತ ಜಾಗದ ಫೋಟೋ ಫೋನಲ್ಲಿ ತೆಗೆದಿಡಿ, ಯಾಕೆಂದರೆ ದಾರಿಯಲ್ಲಿ ಚೀಲದೊಳಗೆ ಅಲ್ಲಾಡಿ ಅದು ತಾನೇ ಬಿಟ್ಟುಕೊಂಡರೆ ಅಂಗಡಿಯಲ್ಲಿ ಎಲ್ಲ ಸರಿಯಾಗೇ ನಡೆಯುತ್ತದೆ, ನಮ್ಮ ಮಾತು ಯಾರೂ ನಂಬುವುದಿಲ್ಲ. ಯಾವ ಸ್ಪೀಡಿನಲ್ಲಿತ್ತು, ಕೌಂಟರ್ ಎಷ್ಟಿತ್ತು, ಒಳಗೆ ಫಿಲ್ಮ್ ಇದೆಯೇ, ಕೊನೆಯ ಸಲ ಕ್ಲಿಕ್ ಕೇಳಿತೇ, ಇಷ್ಟು ಹೇಳಿ. ಬಲ ಹಾಕಿದ್ದರೆ ಅದನ್ನೂ ಹೇಳಿ. ನಾನು ಮೊದಲ ಸಲ ಮುಚ್ಚಿಟ್ಟಿದ್ದೆ. ಅವರು ಬೆನ್ನು ತೆರೆದು, ಸ್ಪ್ರಾಕೆಟ್ ಪಕ್ಕದಿಂದ ಚಿಮುಟದಲ್ಲಿ ಒಂದು ಫಿಲ್ಮ್ ಚೂರು ತೆಗೆದು ನನ್ನ ಅಂಗೈಗೆ ಹಾಕಿದರು, ಏನೂ ಮಾತಾಡಲಿಲ್ಲ.